ಅತ್ತೆಯ ಪಾಡ್ದನ

ಸುಮತಿ ಅತ್ತೆ, ಅಂದು ಯುವಕ ಮಂಡಲದ ಸಭೆಯಲ್ಲಿ ನಾನು ಕೇಳಿಸಿದ್ದು ನಿಮ್ಮ ಹಾಡಲ್ಲ. ನಿಮ್ಮದನ್ನು ನಾನೇ ಅಳಿಸಿ ಹಾಕಿದ್ದೆ. ವರ್ಷಗಳೇ ಕಳೆದವು — ಇಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ಸಿದ್ಧಕಟ್ಟೆಯ ಹಳೆಯದನ್ನೆಲ್ಲ ಒಟ್ಟು ಮಾಡಿ ಊರಿಗೆ ತೋರಿಸುವ ಹುಚ್ಚು ಆಗ ನನಗೆ. ಮನೆಮನೆಯಿಂದ ಅಕ್ಕಿ ಅಳೆಯುವ ಕಳಸೆ, ನೊಗ, ಬೀಸುವ ಕಲ್ಲು ತಂದು ಜೋಡಿಸಿದೆವು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ನೀವು ಹಾಡುತ್ತಿದ್ದ ಪಾಡ್ದನ, ಆ ಉದ್ದ ಕತೆಯ ಹಾಡೂ ಬೇಕೆಂದೆ. ನೀವು ಬಾಯಿಯ ಎಲೆಯಡಿಕೆ ಉಗಿದು ಬಂದು, ಅಂಗಳದಲ್ಲಿ ಕುಳಿತು ನನ್ನ ಫೋನಿಗೆ ಇಡೀ ಕತೆ ಹಾಡಿಕೊಟ್ಟಿರಿ. ನಾನೋ — ನನ್ನ ಸ್ವಾಗತ ಭಾಷಣದ ಅಭ್ಯಾಸವನ್ನು ವಿಡಿಯೋ ಮಾಡಿಕೊಳ್ಳಲು ಫೋನಿನಲ್ಲಿ ಜಾಗ ಸಾಲದೆಂದು ಅದನ್ನು ಅಳಿಸಿದೆ. ಕಂಪ್ಯೂಟರಿಗೆ ಹಾಕಿದ್ದೇನೆ ಎಂದುಕೊಂಡಿದ್ದೆ. ಹಾಕಿರಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ನೀವು ಹಾಡುತ್ತಿದ್ದಿರಿ. ಕೇಳಲು ನನ್ನ ಮರ್ಯಾದೆ ಅಡ್ಡ ಬಂತು. ಬೆಳ್ತಂಗಡಿ ಕಡೆಯ ಯಾರೋ ಹೆಂಗಸು ಹಾಡಿದ ಅದೇ ಕತೆಯನ್ನು ಗೆಳೆಯನಿಂದ ತರಿಸಿ, ನಿಮ್ಮ ಹೆಸರು ಹೇಳಿ ಕೇಳಿಸಿದೆ.

ಎದುರಿನ ಸಾಲಿನಲ್ಲಿದ್ದ ನೀವು ಕೇಳಿ ಮೆಲ್ಲಗೆ ಹೇಳಿದಿರಿ: "ಇದು ನನ್ನ ಸ್ವರ ಅಲ್ಲ ಮಾರಾಯ. ನನ್ನದರಲ್ಲಿ ಕತೆಯ ಹೆಣ್ಣು ತವರಿಗೆ ತಿರುಗಿ ಬರ್ತಾಳೆ. ಇದರಲ್ಲಿ ಬರುವುದೇ ಇಲ್ಲ."

"ಮಿಷನಿನಲ್ಲಿ ಸ್ವರ ಬೇರೆ ಕೇಳ್ತದೆ ಅತ್ತೆ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು — "ನಿಮಗೆ ಪ್ರಾಯ ಆಯ್ತಲ್ಲ, ಕತೆ ಮರೆತಿದೆ."

ಸುತ್ತಲಿದ್ದವರು ನಕ್ಕರು. ನೀವೂ ನಕ್ಕಿರಿ. ಮತ್ತೆ ಗದ್ದೆಗೆ ಇಳಿದಾಗ ನೀವು ಹಾಡಲಿಲ್ಲ. ಒತ್ತಾಯಿಸಿದವರಿಗೆ ಗಂಟಲು ಸರಿ ಇಲ್ಲ ಎನ್ನುತ್ತಿದ್ದಿರಂತೆ.

ಕಳೆದ ವಾರ ಮಿಜಾರಿನ ಕಾಲೇಜಿನಿಂದ ಬಂದ ನಿಮ್ಮ ಮೊಮ್ಮಗಳು ಪಾಡ್ದನ ಕಲಿಸಿ ಎಂದು ನಿಮ್ಮ ಮುಂದೆ ಕುಳಿತಾಗ ನಾನೂ ಜಗಲಿಯಲ್ಲಿದ್ದೆ. "ನನ್ನದರಲ್ಲಿ ತಪ್ಪು ಉಂಟು ಮಗಾ," ಎಂದಿರಿ. "ಇವನ ಹತ್ತಿರ ಇರುವುದನ್ನೇ ಕಲಿ." ಹುಡುಗಿ ನನ್ನತ್ತ ನೋಡಿದಳು. ಆಗಲಾದರೂ ನಾನು — ಇಲ್ಲ, ಫೋನ್ ತೆಗೆದು ಆ ಬೆಳ್ತಂಗಡಿಯ ಹಾಡನ್ನೇ ಅವಳಿಗೆ ಕಳಿಸಿದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ನಿಜವಾಗಿಯೂ ಮರೆತಿದ್ದೀರೋ ಏನೋ, ಕೇಳುವ ಧೈರ್ಯ ನನಗಿಲ್ಲ. ಭಾನುವಾರ ಮಂಡಲದ ಸಭೆ ಇದೆ. ಅಂದು ನಕ್ಕವರಲ್ಲಿ ಹೆಚ್ಚಿನವರೂ ಬರುತ್ತಾರೆ. ನೀವು ಬನ್ನಿ, ಮೊಮ್ಮಗಳನ್ನೂ ಕರೆದುಕೊಂಡು ಬನ್ನಿ. ಮತ್ತೆ ಹಾಡಿ ಎನ್ನುವ ಯೋಗ್ಯತೆ ನನಗಿಲ್ಲ. ಅತ್ತೆ ಅಂದು ಏನನ್ನೂ ಮರೆತಿರಲಿಲ್ಲ, ಸುಳ್ಳು ಹೇಳಿದ್ದು ನಾನು ಎಂದು ಎಲ್ಲರೆದುರು ಹೇಳುತ್ತೇನೆ.