ಬಾಯಿ ನೋಡಿ ಕಲಿತ ಇಂಗ್ಲಿಷ್

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಲವಂಗ ಹುರಿಯುತ್ತಿದ್ದಳು. ಆ ವಾಸನೆ ನಡುಮನೆಗೆ ಬಂದದ್ದೇ ತಡ, ನಾನು ನೆಟ್ಟಗೆ ಕುಳಿತು ಎದುರಿಗಿದ್ದ ಮೊಮ್ಮಗನ ಬಾಯಿ ನೋಡತೊಡಗಿದೆ. ಅವನು "ಏನಜ್ಜಿ?" ಅಂದ. ಏನಂತ ಹೇಳಲಿ... ಮದರಾಸಿನ ನಮ್ಮ ಇಂಗ್ಲಿಷ್ ಟೀಚರ್ ಯಾವಾಗಲೂ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ನನ್ನ ಮುಖದ ಹತ್ತಿರಕ್ಕೇ ಮುಖ ತಂದು ಪಾಠ ಹೇಳಬೇಕಿತ್ತಲ್ಲ, ಅದಕ್ಕೆ.

ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಹೋಗುವಾಗ ನನ್ನ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಪೂರ್ತಿ ಅಲ್ಲ. ಪಾತ್ರೆ ಬಿದ್ದರೆ, ರೈಲು ಕೂಗಿದರೆ ತಿಳಿಯುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ, ಮನೆಯವರ ಕನ್ನಡವನ್ನು ಬಾಯಿ ನೋಡಿ ಹೇಗೋ ಊಹಿಸಿಕೊಳ್ಳುತ್ತಿದ್ದೆ. ಗೋಡೆಗೂ ಕಿವಿಯುಂಟು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಗೋಡೆಗಿತ್ತು, ನನಗಿರಲಿಲ್ಲ.

ಅಪ್ಪ ಉಡುಪಿ ಕಡೆಯಿಂದ ಬಂದು ಎಗ್ಮೋರಿನಲ್ಲಿ ಹೋಟೆಲು ಇಟ್ಟವರು. ಆಗ ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ತಂಗಿ ಕಿವುಡಿ ಎಂದು ಗೊತ್ತಾದರೆ ಸಂಬಂಧ ತಪ್ಪಿಹೋಗುತ್ತದೆಂಬ ಹೆದರಿಕೆ. ಹೋಟೆಲಿನವರೆಲ್ಲ ಒಬ್ಬರಿಗೊಬ್ಬರು ನೆಂಟರು. ಬೆಳಿಗ್ಗೆ ಇಲ್ಲಿ ಆಡಿದ ಮಾತು ಸಂಜೆಯ ರೈಲಿಗೆ ಊರಿಗೆ ಹೊರಡುತ್ತಿತ್ತು. ಹಾಗಾಗಿ ನಾನು ಕಿವುಡಿಯಲ್ಲ, ಹಟಮಾರಿ. ಕರೆದರೂ ಓಗೊಡದ ಹುಡುಗಿ. ಮನೆಯಲ್ಲಿ ಹಾಗೆಂದೇ ತೀರ್ಮಾನವಾಗಿತ್ತು.

ಎಸ್ಸೆಸೆಲ್ಸಿಗೆ ಕಳಿಸುವ ಮೊದಲು ನಮ್ಮ ಶಾಲೆ ತನ್ನದೇ ಒಂದು ಪರೀಕ್ಷೆ ನಡೆಸುತ್ತಿತ್ತು. ಅದರಲ್ಲಿ ಇಂಗ್ಲಿಷ್ ಡಿಕ್ಟೇಶನ್ ಇತ್ತು. ಟೀಚರ್ ಓದಿದ್ದನ್ನು ಕೇಳಿ ಬರೆಯಬೇಕು, ಬರೆಯಲಾಗದವರು ಮನೆಗೆ. ನನಗೆ ಎಸ್ಸೆಸೆಲ್ಸಿ ಮುಗಿಸಿ ಟೀಚರ್ ಟ್ರೈನಿಂಗಿಗೆ ಸೇರುವ ಆಸೆ. ಕನ್ನಡವನ್ನೇ ಕಿವಿಯಿಂದ ಕೇಳಲಾರದವಳು ಪರದೇಶದ ಭಾಷೆಯನ್ನು ಎಲ್ಲಿಂದ ಕೇಳಲಿ?

ಇಂಗ್ಲಿಷ್ ಟೀಚರಿಗೆ ನನ್ನ ಗುಟ್ಟು ಬೇಗ ತಿಳಿಯಿತು. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವರ ಮನೆ. ಗಂಡ ಹೋದ ಮೇಲೆ ನುಂಗಂಬಾಕ್ಕದಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಆ ಮನೆಯಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಈ ಕೆಲಸದಿಂದ ಬಂದದ್ದು. ಅವರೇ ಹೋಟೆಲಿಗೆ ಬಂದು ಅಪ್ಪನಿಗೆ ಹೇಳಿದರು, ಡಾಕ್ಟರರ ಸರ್ಟಿಫಿಕೇಟ್ ಒಂದಿದ್ದರೆ ಡಿಕ್ಟೇಶನ್‌ನಿಂದ ವಿನಾಯಿತಿ ಕೇಳಬಹುದು ಎಂದು.

"ಅದೆಲ್ಲ ಆಗ್ಲಿಕ್ಕಿಲ್ಲಮ್ಮ. ದೊಡ್ಡವಳ ಮದುವೆ ಆಗುವವರೆಗೆ ನೀವು ಯಾರ ಹತ್ರವೂ ಈ ಸುದ್ದಿ ಎತ್ತಬಾರ್ದು," ಅಂದರು ಅಪ್ಪ. ಗಲ್ಲಾಪೆಟ್ಟಿಗೆಯ ಹಿಂದಿದ್ದ ದೇವರ ಪಟದ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಟೀಚರ್ ಆಗಿದ್ದರು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವರ ಮನೆಯ ಕಿಟಕಿಯ ಬೆಳಕಿನಲ್ಲಿ ಪಾಠ. "ಪುಸ್ತಕ ಬೇಡ ಕಣ್ಣಾ, ನನ್ನ ಬಾಯಿ ನೋಡು. ಪುರಿಂಜಿತಾ?" ಅರ್ಥವಾಯಿತಾ ಎಂದು ಕೇಳುವಾಗ ಅವರಿಗೆ ತಮಿಳೇ ಬರುತ್ತಿತ್ತು. ನಾಲಿಗೆ ಎಲ್ಲಿ ಮುಟ್ಟುತ್ತದೆ, ತುಟಿ ಎಷ್ಟು ತೆರೆಯುತ್ತದೆ, ಎಲ್ಲ ತೋರಿಸಿದರು. ನನ್ನ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿ ಹಿಡಿದರು. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಅವರ ತುಟಿಯಿಂದ ಇಂಗ್ಲಿಷ್ ವಾಕ್ಯಗಳನ್ನು ಸಲೀಸಾಗಿ ಬಿಡಿಸಿಕೊಳ್ಳುತ್ತಿದ್ದೆ. ಅಷ್ಟು ಸುಖವಾಗಿ ನಾನು ಮತ್ತೆ ಯಾರೆದುರಿಗೂ ಕುಳಿತಿಲ್ಲ.

ಪರೀಕ್ಷೆಯ ದಿನ ಅವರು ನನ್ನ ಬೆಂಚಿನ ಎದುರು ನಿಂತವರು ಕದಲಲಿಲ್ಲ. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ಆಮೇಲೆ ನನಗಾಗಿ ಇನ್ನೊಮ್ಮೆ ಸದ್ದಿಲ್ಲದೆ ತುಟಿಯಲ್ಲೇ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಟೀಚರ್ ಅದನ್ನು ನೋಡಿ ಹೆಡ್‌ಮಿಸ್ಟ್ರೆಸ್‌ಗೆ ಹೇಳಿಬಿಟ್ಟರು, ಹುಡುಗಿಗೆ ಕಳ್ಳತನದಲ್ಲಿ ಹೇಳಿಕೊಡುತ್ತಿದ್ದಾರೆ ಎಂದು.

ಆಫೀಸಿನಲ್ಲಿ ಟೀಚರ್ ತುಟಿ ಬಿಚ್ಚಲಿಲ್ಲ. ನಾನೇ ಹೇಳಿದೆ, ನನಗೆ ಕಿವಿ ಕೇಳಿಸುವುದಿಲ್ಲ ಎಂದು. ಹೆಡ್‌ಮಿಸ್ಟ್ರೆಸ್ ಅಪ್ಪನನ್ನು ಕರೆಸಿದರು. ಅಪ್ಪ ನನ್ನ ಕಡೆ ತಿರುಗಿ, "ಕಿವಿಗೆ ಎಂತದೂ ಆಗಲಿಲ್ಲ ಇವಳಿಗೆ. ಹಟ ಉಂಟು, ಅಷ್ಟೇ," ಅಂದರು. ಅದನ್ನೇ ತಮ್ಮ ಹೋಟೆಲ್ ತಮಿಳಿನಲ್ಲಿ ಹೆಡ್‌ಮಿಸ್ಟ್ರೆಸ್‌ಗೂ ಹೇಳಿದರು.

ಪರೀಕ್ಷಿಸಿಯೇ ನೋಡುತ್ತೇನೆಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳತೊಡಗಿದರು. ಹೆಸರೇನು, ಮನೆ ಎಲ್ಲಿ, ಕೊನೆಯ ಪಾಠ ಯಾವುದು. ಅವರ ತುಟಿ ಚೆನ್ನಾಗಿ ಕಾಣುತ್ತಿತ್ತು. ಟೀಚರ್ ಮುಂದೆ ಒಂದೂ ತಪ್ಪಬಾರದೆಂಬ ಹುರುಪಿನಲ್ಲಿ ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಪಕ್ಕದಲ್ಲಿ ನಿಂತಿದ್ದ ಟೀಚರ್ ಪ್ರತಿ ಉತ್ತರಕ್ಕೂ ಸರಿ, ಸರಿ ಎಂದು ತಲೆಯಾಡಿಸುತ್ತಿದ್ದರು, ಕಣ್ಣಲ್ಲಿ ನೀರು ತುಂಬಿಕೊಂಡು. ಪುಸ್ತಕ ಮುಚ್ಚಿದ ಹಾಗೆ ಹೆಡ್‌ಮಿಸ್ಟ್ರೆಸ್ ಮಾತು ಮುಗಿಸಿದರು. ಹುಡುಗಿಗೆ ಚೆನ್ನಾಗಿ ಕೇಳಿಸುತ್ತದೆ.

ಟೀಚರ್ ಕೆಲಸ ಹೋಯಿತು. ನನ್ನನ್ನು ಎಸ್ಸೆಸೆಲ್ಸಿಗೆ ಕಳಿಸಲಿಲ್ಲ. ಅಕ್ಕನ ಮದುವೆ ಊರಿನಲ್ಲಿ ಜೋರಾಗಿ ನಡೆಯಿತು. ನನ್ನ ಕಿವಿಯ ವಿಚಾರ ಯಾರೂ ಕೇಳಲೂ ಇಲ್ಲ... ಅಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಬೇಡ ಅನ್ನುತ್ತಾರೆ, ಅನ್ನಲಿ.

ಮದುವೆಯಾಗಿ ಮದರಾಸು ಬಿಟ್ಟವಳು ಮತ್ತೆ ಅಲ್ಲಿಗೆ ಹೋದದ್ದು ಬಹಳ ವರ್ಷಗಳ ಮೇಲೆ, ಮಗ ಕಿವಿಗೆ ಮಷೀನು ಕೊಡಿಸಿದ ಮೇಲೆ. ನುಂಗಂಬಾಕ್ಕದ ಆ ಮನೆಯಲ್ಲಿ ಟೀಚರ್ ಇರಲಿಲ್ಲ. ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅವರ ತಮ್ಮನ ಮಗಳು ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟ ಸದ್ದು ಕೂಡ ನನಗೆ ಕೇಳಿಸಿತು. ಆ ಧೈರ್ಯದಲ್ಲೇ ಇಷ್ಟು ವರ್ಷ ಮನಸ್ಸಿನಲ್ಲಿದ್ದುದನ್ನು ಕೇಳಿಬಿಟ್ಟೆ: ನಿಮ್ಮತ್ತೆಯ ಧ್ವನಿ ಹೇಗಿತ್ತಮ್ಮ?

ಅವಳು ಖಾಲಿ ಲೋಟ ಎತ್ತಿಕೊಂಡಳು.

"ಜ್ಞಾಪಕ ಇಲ್ಲ ಮಾಮಿ. ಕೆಲಸ ಬಿಟ್ಟ ಮೇಲೆ ಅತ್ತೆ ಮನೇಲಿ ಮಾತೇ ಆಡ್ತಿರಲಿಲ್ಲ."