ತಲೆಯ ಉಪವಾಸ

ತ್ಯಾಮಗೊಂಡ್ಲಿನ ಪಕ್ಕದ ಹಳ್ಳಿಯಲ್ಲಿ ಅಪ್ಪಯ್ಯಣ್ಣನ ಮಗಳು ಲಕ್ಷ್ಮೀದೇವಿ ಎಂದರೆ ಎಲ್ಲರಿಗೂ ನಗು. ಶಾನುಭೋಗರು ನಶ್ಯ ಏರಿಸಿ ಸೀನುವ ಮುಂಚೆ ಮಾಡುವ ಮುಖ, ದನದ ದಲ್ಲಾಳಿ ಪಿಳ್ಳಣ್ಣ ಎತ್ತಿನ ಹಲ್ಲು ನೋಡುತ್ತ ತನ್ನ ಹಲ್ಲನ್ನೇ ಕಿರಿಯುವುದು, ಯಾವುದನ್ನೂ ಅಣಕಿಸದೆ ಬಿಟ್ಟವಳಲ್ಲ. ಹೊಲದಲ್ಲಿ ಅವಳ ಪಕ್ಕದ ಸಾಲಿಗಾಗಿ ಹೆಂಗಸರು ಜಗಳವಾಡುತ್ತಿದ್ದರು. ಪಿಳ್ಳಣ್ಣನೇ ಒಮ್ಮೆ ಬೇಲಿಯಾಚೆ ನಿಂತು ನೋಡಿ, "ನಾನು ಹಿಂಗಾ ಇರೋದು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಎರಡನೇ ಮಹಾಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಹದಿನೇಳರ ಲಕ್ಷ್ಮೀದೇವಿ ಆ ಶ್ರಾವಣದಲ್ಲಿ ಶನಿವಾರದ ಉಪವಾಸ ಹಿಡಿದಳು. "ಎಂಥಾ ಗಟ್ಟಿ ಮನಸ್ಸು ನನ್ನ ಮೊಮ್ಮಗಳದ್ದು!" ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಳು. ಆ ಮಾತು ಹುಡುಗಿಗೆ ಬೆಲ್ಲದಂತೆ ರುಚಿಸಿತು. ಶ್ರಾವಣ ಕಳೆಯಿತು, ಉಪವಾಸ ಕಳೆಯಲಿಲ್ಲ. ಸೋಮವಾರವೂ ಸೇರಿತು, ಆಮೇಲೆ ರಾತ್ರಿಯೂಟ ಹೋಯಿತು, ಮುದ್ದೆ ನಿಂಬೆಹಣ್ಣಿನಷ್ಟಾಯಿತು. ಅದನ್ನುಂಡರೂ ಏನೋ ತಪ್ಪು ಮಾಡಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಬಳೆ ಮೊಣಕೈವರೆಗೂ ಜಾರುತ್ತಿದ್ದರೂ ಅವಳ ಕಣ್ಣಿಗೆ ತನ್ನ ಮೈ ದಪ್ಪವಾಗಿಯೇ ಕಾಣುತ್ತಿತ್ತು.

ಊಟ ಬಿಟ್ಟವಳಿಗೆ ದಿನವಿಡೀ ಊಟದ್ದೇ ಯೋಚನೆ. ಒಲೆ ಬಿಟ್ಟು ಏಳುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಅವರು ಉಣ್ಣುವುದನ್ನೇ ನೋಡುತ್ತ ಕೂರುವಳು. ಬೇರೆ ಯಾವುದಕ್ಕೂ ತಲೆಯಲ್ಲಿ ಜಾಗವಿರಲಿಲ್ಲ. ಯಾರಾದರೂ ಮಾತಾಡಿದರೆ ಅರ್ಧದಲ್ಲೇ ಎಳೆ ತಪ್ಪುತ್ತಿತ್ತು. ಚೊಂಬು ಇಟ್ಟ ಜಾಗ ಬದಲಾದರೆ ಸಿಡುಕು. ರಾಗಿ ಕೊಯ್ಲಿನ ದಿನ ಹೆಂಗಸರು ಪಿಳ್ಳಣ್ಣನನ್ನು ಅಣಕಿಸಿ ತೋರಿಸು ಎಂದು ಕೇಳಿದರು. ಎದ್ದು ನಿಂತಳು. ಪಿಳ್ಳಣ್ಣನ ಮುಖ ಹೇಗಿರುತ್ತದೆಂದು ನೆನಪಿಗೇ ಬರಲಿಲ್ಲ. ಕುಡುಗೋಲು ಹಿಡಿದು ಮತ್ತೆ ಬಗ್ಗಿದಳು.

ತಾಯತ ಕಟ್ಟಿದ್ದೂ ಆಯಿತು. ಕೊನೆಗೆ ನೆಲಮಂಗಲದಿಂದ ಸೋದರತ್ತೆ ಅಮ್ಮಯಮ್ಮ ಬಂದಳು, ದೊಡ್ಡ ಗಂಟಲಿನ ಹೆಂಗಸು. "ಲೇ ಅಪ್ಪಯ್ಯ, ಮಗು ಒಣಕ್ಕೊಂಡು ಕಡ್ಡಿ ಆಗೈತೆ, ನೀನು ತಾಯತ ಕಟ್ಕೊಂಡು ಕೂತಿದ್ದೀಯಲ್ಲೋ!" ಎಂದು ತಮ್ಮನನ್ನು ಬೈದು, ಹುಡುಗಿಯನ್ನು ಇದ್ದಿಲು ಉರಿಸಿ ಓಡುವ ಬಸ್ಸು ಹತ್ತಿಸಿಕೊಂಡು ಬೆಂಗಳೂರಿಗೆ ಹೋದಳು.

ಅಲ್ಲಿನ ಡಾಕ್ಟರಮ್ಮ ಬಂಗಾಳದ ಬರದಲ್ಲಿ ಕೆಲಸ ಮಾಡಿ ಬಂದವರು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ನಾಡಿ ಹಿಡಿದು ಕೂತರು.

"ನಂಗೇನೂ ಆಗಿಲ್ಲ," ಎಂದಳು ಲಕ್ಷ್ಮೀದೇವಿ.

"ಹಾಗನ್ನಿಸ್ತಾ ಇರೋದು ನಿನ್ನ ಮಿದುಳಿಗೆ. ಅದೂ ಮೈಯೊಳಗಿನದೇ ಅಲ್ವಾಮ್ಮ? ಹೊಟ್ಟೆಗೆ ಬೀಳದಿದ್ರೆ ಅದೂ ಉಪವಾಸ, ಅದೂ ಸೊರಗುತ್ತೆ. ಸೊರಗಿದ ಮಿದುಳು ಹಿಡಿದಿದ್ದನ್ನೇ ಹಿಡಿಯುತ್ತೆ. ಬರದ ಊರಲ್ಲಿ ನಗೋರನ್ನ ನಾನು ಕಾಣಲಿಲ್ಲ. ಗಂಜಿ ಬಿದ್ದ ಮೇಲೆ ನಗು ವಾಪಸ್ ಬಂದಿದ್ದನ್ನ ಕಂಡೆ." ಆಮೇಲೆ ಅಮ್ಮಯಮ್ಮನ ಕಡೆ ತಿರುಗಿದರು. "ಮನಸ್ಸು ಬರಲಿ ಅಂತ ಕಾಯಬೇಡಿ. ಮೊದಲು ಊಟ, ಸ್ವಲ್ಪ ಸ್ವಲ್ಪವಾಗಿ. ಮನಸ್ಸು ಹಿಂದೆ ಬರುತ್ತೆ. ಬಯ್ಯಬೇಡಿ, ಜೊತೇಲಿ ಕೂತು ಉಣ್ಣಿ."

ತಾನು ಹಟಮಾರಿಯಲ್ಲ, ತಲೆಗೇ ಹಸಿವಾಗಿದೆ ಎಂಬ ಮಾತು ಲಕ್ಷ್ಮೀದೇವಿಗೆ ಎಷ್ಟೋ ಸಮಾಧಾನ ತಂದಿತು. ಆದರೂ ನೆಲಮಂಗಲದಲ್ಲಿ ಸೋದರತ್ತೆಯ ಮನೆಯಲ್ಲಿ ಉಳಿದ ಮೊದಲ ವಾರಗಳು ಸುಲಭವಿರಲಿಲ್ಲ. ಅಂಬಲಿಯ ಬಟ್ಟಲು ಮುಂದಿಟ್ಟುಕೊಂಡು ಅತ್ತಳು, ಒಮ್ಮೆ ಎಸೆದೂಬಿಟ್ಟಳು. ಅಮ್ಮಯಮ್ಮ ಚೆಲ್ಲಿದ್ದನ್ನು ಬಳಿದು ಅವಳಿಗೆ ಇನ್ನೊಂದು ಬಟ್ಟಲು ತಂದಿಟ್ಟು, ತಾನೂ ಒಂದು ಹಿಡಿದು ಕೂತು, ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತ ಕುಡಿದಳು.

ಅವರೆಕಾಯಿ ಕಾಲ ಬಂತು. ಅತ್ತೆ ಸೊಸೆ ಜಗಲಿಯಲ್ಲಿ ಕಾಯಿ ಬಿಡಿಸುತ್ತಿದ್ದಾಗ ಅಮ್ಮಯಮ್ಮ ಕೇಳಿದಳು, "ಡಾಕ್ಟರಮ್ಮ ಮತ್ತೆ ಯಾವಾಗ ಬಾ ಅಂದ್ರು?"

ಲಕ್ಷ್ಮೀದೇವಿ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದಳು. ಅತ್ತೆಯ ಕೈ ಹಿಡಿದಳು. "ಅಲ್ವಾಮ್ಮ?" ಎಂದಳು.

ಅಮ್ಮಯಮ್ಮ ನಕ್ಕ ರಭಸಕ್ಕೆ ಮೊರ ಮಗುಚಿ ಅವರೆಕಾಳು ಬೀದಿಗೆ ಉರುಳಿತು. "ಬಂದ್ಬಿಟ್ಟೆಯಾ ನನ್ನವ್ವ!" ಎಂದು ಹುಡುಗಿಯ ಕೆನ್ನೆ ಸವರಿದಳು. ಇಬ್ಬರೂ ಬೀದಿಯಲ್ಲಿ ಕಾಳು ಆಯುತ್ತ ಮತ್ತೆ ಮತ್ತೆ ನಕ್ಕರು.

ನಡುವೆ ಕೆಟ್ಟ ದಿನಗಳೂ ಬಂದುಹೋದವು, ಆದರೆ ಪ್ರತಿ ಸಲವೂ ಬೇಗನೆ ಹೋದವು. ಎರಡು ವರ್ಷದ ಮೇಲೆ ಬೂದಿಗೆರೆಯ ಮುನಿಸ್ವಾಮಿಯೊಂದಿಗೆ ಮದುವೆಯಾಯಿತು. ಗಂಡು ಹೆಣ್ಣು ಒಟ್ಟಿಗೆ ಉಣ್ಣುವ ಭೂಮದ ಊಟಕ್ಕೆ ಕೂತಾಗ ಅವನು ತಮ್ಮೂರಿನ ತುಂಟ ಹೋರಿಯ ಕತೆ ಹೇಳುತ್ತಿದ್ದ. ಅವಳು ನಗುತ್ತ, ನಡುನಡುವೆ ಪ್ರಶ್ನೆ ಕೇಳುತ್ತ, ಎಲೆಯ ಕಡೆ ನೋಡದೆ ಉಣ್ಣುತ್ತಿದ್ದಳು.

"ಇನ್ನೊಂದು ಒಬ್ಬಟ್ಟು ಹಾಕ್ಲೇನೇ?" ಎಂದಳು ಬಡಿಸಲು ಬಂದ ಅಮ್ಮಯಮ್ಮ.

"ಹಾಕು ಅತ್ತೆ," ಎಂದು, ಲಕ್ಷ್ಮೀದೇವಿ ಗಂಡನ ಕಡೆ ತಿರುಗಿದಳು. "ಆಮೇಲೆ ಏನಾಯ್ತು, ಹೇಳ್ರೀ."