ಹೆಸರು ಒರೆಸುವ ಕೈ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರಿನವರೆಲ್ಲರ ಕೆಮ್ಮು, ಗೊಣಗು, ಬೈಗುಳಗಳನ್ನು ಅನುಕರಿಸಿಯೇ ಬದುಕುವ ನನಗೆ ಸ್ವಂತದ್ದೊಂದು ದನಿ ಇದೆಯೇ ಎಂಬ ಅನುಮಾನ ಹೆತ್ತವಳಿಗೂ ಇದೆ. ಅಂಥ ನಾನು ಸತ್ತವರ ದನಿಗೂ ಕೈಹಾಕಿದೆ.

ಮುಳಬಾಗಿಲಿಗೆ ಟೆಂಟ್ ಸಿನಿಮಾ ಬಂದಿತ್ತು. ಮುಸ್ಸಂಜೆಯ ಆಟಕ್ಕೆ ಬೈರಕೂರಿನಿಂದ ಗಾಡಿ ಕಟ್ಟಿಕೊಂಡು ಹೊರಟೆವು. ದೊಡ್ಡಪ್ಪ ತೀರಿಕೊಂಡು ವರ್ಷವಾದರೂ ಹೊಸಿಲು ದಾಟದಿದ್ದ ದೊಡ್ಡಮ್ಮನನ್ನು ಕಾಡಿ ಬೇಡಿ ಹೊರಡಿಸಿದವನು ನಾನೇ.

ಆಟಕ್ಕೆ ಮುಂಚೆ ತೆರೆಯ ಮೇಲೆ ಬರುವ ಹೆಸರುಗಳು ಇಂಗ್ಲಿಷಿನಲ್ಲಿರುವುದರಿಂದ, ಅಕ್ಷರ ಬಲ್ಲವನೊಬ್ಬ ಅವನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಕಡೆಯ ಟೆಂಟುಗಳ ರೂಢಿ. ನಾಲ್ಕು ಕ್ಲಾಸು ಇಂಗ್ಲಿಷ್ ಕಲಿತ ತಪ್ಪಿಗೆ ಆ ಪದವಿ ನನ್ನದು. ಸಾಮಾನ್ಯವಾಗಿ ಅದು ಜನ ಕಡಲೆಕಾಯಿ ಸುಲಿಯುವ, ಬೀಡಿ ಹಚ್ಚುವ ಹೊತ್ತು. ಆ ದಿನ ಹಾಗಾಗಲಿಲ್ಲ. ದೇವರ ಪಟವಿಲ್ಲ, ಹಾಡಿಲ್ಲ, ತೆರೆಯ ಮೇಲೆ ಬರಿಯ ಕತ್ತಲೆ. ಅದರೊಳಗಿಂದ ಮೈಯಿಲ್ಲದ ಕೈಯೊಂದರ ನೆರಳು ಬಂದು, ಬಳಪ ಕಿರುಗುಟ್ಟಿಸುತ್ತ ಒಂದು ಹೆಸರು ಬರೆಯಿತು. ಒಂದು ಗಳಿಗೆ ಕಾದು, ಒರೆಸಿತು. ಮತ್ತೊಂದು ಬರೆಯಿತು, ಒರೆಸಿತು. ಕಡಲೆಕಾಯಿಯ ಸದ್ದು ತಾನಾಗಿ ನಿಂತಿತು.

ನೋಡಿ ಗೆಳೆಯರೇ, ಕತೆಯಿನ್ನೂ ಶುರುವಾಗಿರಲಿಲ್ಲ, ಯಾರೂ ಸತ್ತಿರಲಿಲ್ಲ; ಆದರೂ ಇನ್ನೂರು ಜನ ಉಸಿರು ಹಿಡಿದು ಕೂತಿದ್ದೆವು. ಭಯವನ್ನು ಸಿನಿಮಾದವರು ಡಬ್ಬಿಯಲ್ಲಿ ತುಂಬಿ ತರುವುದಿಲ್ಲವೆಂದು ಕಾಣುತ್ತದೆ. ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗವನ್ನು ಖಾಲಿ ಬಿಟ್ಟಿರುತ್ತಾರೆ, ನಾವೇ ಹೋಗಿ ಅಲ್ಲಿ ಕೂರುತ್ತೇವೆ.

ಕೂರಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ನಟರ ಹೆಸರು ಬಿಟ್ಟು, "ಮುನಿಯಪ್ಪ!" ಎಂದು ಓದಿದೆ. ಕೈ ಒರೆಸಿತು.

ಮುಂದೆ ಕೂತಿದ್ದ, ನಮ್ಮ ಗಾಡಿ ಹೊಡೆದು ತಂದ ಮುನಿಯಪ್ಪ ಎದೆ ಮುಟ್ಟಿಕೊಂಡ. "ಲೇ, ನನ್ ಹೆಸ್ರು ಅಲ್ಲಿಗ್ಯಾಕ್ಲಾ ಹೋಯ್ತು?"

"ನೀನೇನು ಗಾಡಿ ಬಾಡ್ಗೆ ಕೇಳೋಕೆ ಹೋಗಿದ್ಯೇನೋ!" ಎಂದನೊಬ್ಬ. ನಗು ಎದ್ದಿತು, ಅರ್ಧಕ್ಕೇ ಸತ್ತಿತು. ಕೈ ಮತ್ತೆ ಬರೆಯುತ್ತಿತ್ತು.

ನನಗೋ ಅಮಲೇರಿತ್ತು. ದೊಡ್ಡಪ್ಪನಂತೆ ಎರಡು ಸಲ ಗಂಟಲು ಕೆರೆದು, ಅವರದೇ ತೆಲುಗು ಎಳೆತದಲ್ಲಿ ದೊಡ್ಡಮ್ಮನ ಹೆಸರು ಕೂಗಿದೆ: "ನಂಜಮ್ಮಾ…"

ಕೈ ಅದನ್ನೂ ಒರೆಸಿತು. ನನ್ನ ಬಾಯಿಂದ ಹೊರಟ ಆ ದನಿ ನನ್ನದಾಗಿರಲಿಲ್ಲ. ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಎದ್ದು, ಯಾರನ್ನೂ ನೋಡದೆ, ಬಾಗಿಲ ಪರದೆ ಸರಿಸಿ ಹೊರಗೆ ನಡೆದುಬಿಟ್ಟಳು.

ಹಿಂದೆಯೇ ಓಡಿದೆ. ದಡದಡ ಬಡಿದುಕೊಳ್ಳುವ ಕರೆಂಟಿನ ಎಂಜಿನ್ನಿನ ಪಕ್ಕ, ಟೆಂಟಿನ ಹಗ್ಗ ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದಳು. ವರ್ಷದ ಮೇಲೆ ಹೊರಬಂದ ಜೀವ ಮತ್ತೆ ಒಳಮನೆ ಸೇರಿಬಿಟ್ಟರೆ, ಈ ಸಲ ಕರೆತರಲು ನನಗೆ ಯಾವ ಮುಖವಿದ್ದೀತು?

"ದೊಡ್ಡಮ್ಮಾ, ಕೂಗಿದ್ದು ನಾನು. ತಪ್ಪಾಯ್ತು ಕಣಮ್ಮಾ."

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ನೀನೇ ಅಂತ ಆಗ್ಲೇ ಗೊತ್ತಾಯ್ತು ಕಣ್ಲಾ. ನಿಮ್ ದೊಡ್ಡಪ್ಪ ಬದುಕಿರೋಗಂಟ ನನ್ನ 'ಏಯ್, ಇಗೋ' ಅಂದಿದ್ದೇ ಹೊರ್ತು ಒಂದಿನಾನೂ ಹೆಸ್ರಿಡಿದು ಕರೀಲಿಲ್ಲ. ಬಯ್ಯೋದು ಆಮೇಲೆ ಬಯ್ತೀನಿ; ಮೊದ್ಲು ಇನ್ನೊಂದ್ಸಲ ಕೂಗು."